ಹಿಂದಕ್ಕೆ ತಿರುಗಿಸದ ಒಂದು ಗಂಟೆ

ಕೆಲವು ದೇಶಗಳಲ್ಲಿ ಬೇಸಿಗೆ ಬಂದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ಇಡುತ್ತಾರೆ. ಈ ಪದ್ಧತಿ ಬೇಕೋ ಬೇಡವೋ ಎಂದು ಅಲ್ಲಿಯವರು ಈಗಲೂ ಜಗಳವಾಡುತ್ತಾರಂತೆ. ಪೇಪರಿನಲ್ಲಿ ಆ ಸುದ್ದಿ ಕಂಡರೆ ನಾನು ಪುಟ ಮಗುಚಿಬಿಡುತ್ತೇನೆ. ನಮ್ಮ ದೇಶದಲ್ಲಿಲ್ಲದ ಆ ಪದ್ಧತಿಯನ್ನು ನಮ್ಮ ಮನೆಗೆ ತಂದ ಬುದ್ಧಿವಂತ ನಾನೇ.

ನಮ್ಮ ತೆಂಗಿನ ತೋಟ ದಂಡಿನಶಿವರದ ಹತ್ತಿರ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಕಾಯಿ ಕೀಳುವವರು ಖಡಾಖಂಡಿತವಾಗಿ ಹೇಳಿದರು: "ಬಿಸ್ಲು ಏರಿದ್ ಮೇಲೆ ಮರ ಹತ್ತಕ್ಕಾಗಲ್ಲ ಕಣಣ್ಣ. ಆರು ಗಂಟೆಗೆಲ್ಲಾ ರೊಟ್ಟಿ ತಿಂದು ತೋಟಕ್ಕೆ ಇಳೀಬೇಕು." ಅಷ್ಟು ಹೊತ್ತಿಗೆ ಐದಾರು ಜನಕ್ಕೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಆಗಬೇಕಾದರೆ ನನ್ನ ಹೆಂಡತಿ ನಾಲ್ಕಕ್ಕೆ ಏಳಬೇಕು. ಅವಳು ಏಳುತ್ತಿದ್ದುದು ಐದಕ್ಕೆ. ಬಾಯಿಬಿಟ್ಟು ಕೇಳಬಹುದಿತ್ತು. ಆದರೆ "ನೀವೂ ಏಳಿ, ಒಲೆ ಹಚ್ಚಿ" ಎಂದುಬಿಟ್ಟರೆ? ಪೇಪರಿನಲ್ಲಿ ಓದಿದ್ದು ನೆನಪಾಯಿತು. ಅವಳು ಹಾಲು ಹಾಕಲು ಡೈರಿಗೆ ಹೋಗಿದ್ದಾಗ ಗೂಡಿನಲ್ಲಿದ್ದ ಅವಳ ಅಲಾರಾಂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆ. ಅವಳದು ಸಣ್ಣ ಬಟನ್ ಫೋನು. ಮಾತಾಡುವುದು ಬಿಟ್ಟರೆ ಅದರಲ್ಲಿ ಬೇರೇನೂ ನೋಡುವವಳಲ್ಲ.

ಮಾರನೆಯ ಬೆಳಗಿನ ಜಾವ ರೊಟ್ಟಿ ತಟ್ಟುವ ಸದ್ದು ಕೇಳುತ್ತಾ ನಾನು ಮಗ್ಗುಲು ಬದಲಿಸಿದೆ. ಕೆಲಸವೂ ಆಯಿತು, ಮಾತೂ ಬರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಕಾಯಿ ಕಿತ್ತು ಮುಗಿಯಿತು. ಮಳೆ ಬಂತು, ದೀಪಾವಳಿಯೂ ಹೋಯಿತು. ಗಡಿಯಾರ ಹಾಗೇ ಇತ್ತು. ಮರೆತಿದ್ದೆ ಎಂದರೆ ಅರ್ಧ ಸುಳ್ಳು. ಏಳುವಷ್ಟರಲ್ಲಿ ಬಿಸಿನೀರು, ಕಾಫಿ ಕಾದಿರುವ ಸುಖ ನನಗೆ ರೂಢಿಯಾಗಿತ್ತು. ಮುಂದಿನ ಬೇಸಿಗೆಗೆ ತಿರುಗಿಸುವ ಶ್ರಮವೂ ಇರಲಿಲ್ಲ.

ಅವಳು ಕೂತಲ್ಲೇ ತೂಕಡಿಸತೊಡಗಿದಳು. ನನ್ನದೋ ಎಲುಬಿಲ್ಲದ ನಾಲಿಗೆ. ತಂಗಿಯ ಮನೆಯವರು ಬಂದಿದ್ದಾಗ ಎಲ್ಲರೆದುರು "ಇವ್ಳು ಕುಂಭಕರ್ಣನ ತಂಗಿ ಕಣ್ರಪ್ಪ" ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗು ನೆನಪಾದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಹೋದ ವರ್ಷ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ತೂಕಡಿಸಿ, ಕಾಯುತ್ತಿದ್ದ ಹಾಲನ್ನು ಕೈಮೇಲೆ ಚೆಲ್ಲಿಕೊಂಡಳು. ತಿಪಟೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಮುಂಗೈಗೆ ಮುಲಾಮು ಹಚ್ಚುತ್ತಾ, "ನಿದ್ದೆ ಸಾಲ್ತಾ ಇಲ್ವಾ? ಎಷ್ಟು ಗಂಟೆಗೆ ಏಳ್ತೀರಮ್ಮ?" ಎಂದು ಕೇಳಿದರು.

"ಯಾವ ಗಡಿಯಾರದಲ್ಲಿ ಹೇಳ್ಲಿ ಡಾಕ್ಟ್ರೇ?" ಎಂದಳು. "ಮಲಗೋದು ಇವ್ರ ಟಿವಿ ಟೈಮಿಗೆ. ಏಳೋದು ಇವ್ರು ತಿರುಗ್ಸಿಟ್ಟಿರೋ ಗಡಿಯಾರದ ಟೈಮಿಗೆ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಬಸ್ಸಿನಲ್ಲಿ ಕೂತ ಮೇಲೆ, "ಯಾವಾಗ ಗೊತ್ತಾಯ್ತೇ ನಿಂಗೆ?" ಎಂದೆ.

"ಮೊದಲ್ನೇ ವಾರಾನೇ ಕಣ್ರೀ. ಆರೂವರೆ ಬಸ್ಸು ಏಳೂವರೆಗೆ ಬಂತು. ಒಂದಿನ ತಡವಾಗ್ಬೋದು, ದಿನಾ ಆಯ್ತದಾ?"

"ಮತ್ಯಾಕೆ ಸುಮ್ನಿದ್ದೆ?"

"ಅವ್ರು ಹಸ್ಕೊಂಡು ಮರ ಹತ್ಬಾರ್ದಲ್ಲ. ಕಾಯಿ ಮುಗುದ್ ಮೇಲೆ ನೀವೇ ಹಿಂದಕ್ಕೆ ಇಡ್ತೀರ ಅಂದ್ಕೊಂಡೆ. ಆಮೇಲೆ, ಯಾವಾಗ ನೆನಪಾಯ್ತದೋ ನೋಡಾನ ಅಂತ ಕಾದೆ."

ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕನ್ನು ಅವಳು ಎರಡು ವರ್ಷ ಕಣ್ಣು ಬಿಟ್ಟುಕೊಂಡೇ ನೋಡಿದ್ದಳು. ದಾರಿಯುದ್ದಕ್ಕೂ ತಪ್ಪಾಯ್ತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನಾಚಿಕೆಯಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಡಾಕ್ಟರ ಎದುರು ನನ್ನ ಮಾನ ಕಳೆದಳಲ್ಲ ಎಂಬ ಸಿಟ್ಟಿತ್ತು. ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳ ಮೇಲೆ ಸಿಟ್ಟು! ಇವತ್ತು ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಅದಕ್ಕೆ.

ಮನೆಗೆ ಬಂದವನೇ ಗಡಿಯಾರವನ್ನು ಹಿಂದಕ್ಕಿಟ್ಟೆ. ಆ ದೇಶಗಳ ಪದ್ಧತಿ ಉಳಿಯಬೇಕೋ ಹೋಗಬೇಕೋ, ಹೇಳುವ ಯೋಗ್ಯತೆ ನನಗಿಲ್ಲ. ಅವರು ಊರಿಗೆಲ್ಲ ಸಾರಿ ತಿರುಗಿಸುತ್ತಾರೆ, ತಿರುಗಿಸಿದವರೂ ಬೇಗ ಏಳುತ್ತಾರೆ, ಚಳಿಗಾಲಕ್ಕೆ ಆ ಗಂಟೆಯನ್ನು ವಾಪಸ್ಸು ಕೊಡುತ್ತಾರೆ. ನನ್ನಂಥವನ ಕೈಗೆ ಮಾತ್ರ ಗಡಿಯಾರ ಕೊಡಬಾರದು.

ಈಗ ಐದಕ್ಕೆ ನಾನೇ ಎದ್ದು ಒಲೆ ಹಚ್ಚುತ್ತೇನೆ. ಕಾಫಿ ಸೋಸಲು ಇನ್ನೂ ಸರಿಯಾಗಿ ಬರುವುದಿಲ್ಲ. ಮೊನ್ನೆ ಎದ್ದಾಗ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

"ಇನ್ನೊಂದು ಗಂಟೆ ಮಲಕ್ಕೊಳೇ," ಎಂದೆ.

"ನಾಲ್ಕಕ್ಕೇ ಎಚ್ಚರ ಆಗ್ಬುಡ್ತದೆ ಕಣ್ರೀ," ಎಂದಳು. "ಗಡಿಯಾರ ಹಿಂದಕ್ಕಿಟ್ರಿ. ನನ್ನ ಹೆಂಗೆ ಹಿಂದಕ್ಕಿಡ್ತೀರಿ?"