ಹಿತ್ತಿಲಾಚೆಯ ಗುಂಡಿ

ನಾನು ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾಗಿ ಮನೆಯಲ್ಲಿದ್ದೆ. ಬೆಂಗಳೂರಿನ ಬಾಗಲಗುಂಟೆ ದಾಟಿ ಒಳಗೆ ಬಂದರೆ ಸಿಗುವ ಅರವತ್ತು ಮನೆಗಳ ಬಡಾವಣೆ ನಮ್ಮದು. ಕೆಟ್ಟ ಬೀದಿದೀಪಕ್ಕೆ ಅರ್ಜಿ ಬರೆಯುವುದು, ಕಸದ ಗಾಡಿ ಬಾರದಿದ್ದರೆ ಫೋನ್ ಮಾಡುವುದು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಯಾರ ಮನೆಗೆ ಮೊದಲು ಎಂಬ ಜಗಳ ಬಿಡಿಸುವುದು, ಇಷ್ಟೇ ಕೆಲಸ. ಹೆದರಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ.

ನಮ್ಮ ಮನೆ ಅಡ್ಡರಸ್ತೆಯ ಕೊನೆಯದು. ಹಿತ್ತಿಲ ಕಾಂಪೌಂಡಿನ ಆಚೆ ಅರ್ಧ ಎಕರೆ ಖಾಲಿ ಜಾಗವಿತ್ತು. ಬಡಾವಣೆಯ ಅಷ್ಟೂ ಭೂಮಿ ಒಂದು ಕಾಲಕ್ಕೆ ಒಂದೇ ಮನೆತನದ ರಾಗಿ ಹೊಲ. ಆ ಮನೆಯ ಹಿರಿಮಗನನ್ನು ಇಲ್ಲಿ ಎಲ್ಲರೂ ಕರೆಯುವುದು ‘ಅಣ್ಣ’ ಎಂದೇ. ಸೈಟುಗಳನ್ನು ಮಾರಿ, ಹಿಂದಿನ ಆ ತುಂಡನ್ನು ಮಾತ್ರ ಅವರು ತಮಗೆಂದು ಇಟ್ಟುಕೊಂಡಿದ್ದರು. ನಮ್ಮ ಗೃಹಪ್ರವೇಶಕ್ಕೆ ಹಾಲುಕ್ಕಿಸಲು ತಮ್ಮ ಹಸುವಿನ ಹಾಲನ್ನೇ ತಂದುಕೊಟ್ಟ ಮನುಷ್ಯ. ಹಾಗಾಗಿ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತದೆ ಎಂದಾಗ ನಾವು ಯಾರೂ ಏನೂ ಅನ್ನಲಿಲ್ಲ. ಊರೆಲ್ಲ ಏಳುತ್ತಿದೆ, ಇಲ್ಲೂ ಏಳುತ್ತದೆ ಎಂದುಕೊಂಡೆವು.

ಯುಗಾದಿ ಕಳೆದ ಮೇಲೆ ಮೂರು ನೆಲಮಾಳಿಗೆಗೆಂದು ಅಗೆಯಲು ಶುರುಮಾಡಿದರು. ಒಂದು ತಿಂಗಳಲ್ಲಿ ಗುಂಡಿ ಒಂದು ಮಹಡಿ ಇಳಿಯಿತು, ಮತ್ತೊಂದು ತಿಂಗಳಲ್ಲಿ ಎರಡು. ಕೆಳಗೆ ಬಂಡೆ ಸಿಕ್ಕಿತೆಂದು ಒಡೆಯುವ ಯಂತ್ರ ತಂದರು. ಅದು ಬಡಿಯುವಾಗ ಅಲಮಾರಿಯಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ತಾರಸಿಯಿಂದ ಇಣುಕಿದರೆ, ನಮ್ಮ ಕಾಂಪೌಂಡಿನ ಬುಡದಿಂದ ಕತ್ತಿಯಲ್ಲಿ ಕೊಯ್ದಂತೆ ನೇರ ಕೆಳಗಿಳಿದ ಕೆಂಪು ಮಣ್ಣು. ಅದನ್ನು ಹಿಡಿದುಕೊಳ್ಳಲು ಒಂದು ಗೋಡೆಯಿಲ್ಲ, ಒಂದು ಆಸರೆಯಿಲ್ಲ. ಅದರ ಬುಡದಲ್ಲೇ ಕೂಲಿಯವರ ಐದು ತಗಡಿನ ಶೆಡ್ಡುಗಳು.

ಶ್ರಾವಣದ ಒಂದು ಬೆಳಿಗ್ಗೆ, ಅಡುಗೆಮನೆಯ ಹಿಂಗೋಡೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡೆ. ಸೀಸದಕಡ್ಡಿಯಿಂದ ಅದರ ತುದಿಗೆ ಒಂದು ಗೀಟೆಳೆದು ತಾರೀಖು ಬರೆದೆ. ಎರಡು ವಾರಕ್ಕೆ ಬಿರುಕು ಗೀಟು ದಾಟಿ ಒಂದು ಗೇಣು ಮುಂದೆ ಹೋಗಿತ್ತು. ಮತ್ತೆ ಗೀಟೆಳೆದೆ. ಅಂದಿನಿಂದ ಒಲೆಯ ಕಡೆ ತಿರುಗಿದ್ದರೂ ನನ್ನ ಬೆನ್ನು ಆ ಗೋಡೆಯನ್ನೇ ನೋಡುತ್ತಿತ್ತು. ಅಡುಗೆ ಮಾಡುತ್ತ ಒಗ್ಗರಣೆ ಸಿಡಿದರೂ ಬೆಚ್ಚುತ್ತಿದ್ದೆ.

ಸಂಘದ ಸಭೆ ಕರೆದೆವು. ಪಾರ್ಕಿನ ಪಕ್ಕದ ತಗಡಿನ ಛಾವಣಿಯ ಹಾಲೇ ನಮ್ಮ ಕಚೇರಿ. ಅಧ್ಯಕ್ಷರು ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಮಿತಭಾಷಿ. ನಾನು ಅರ್ಜಿ ಬರೆದು ಓದಿದೆ. ಕಟ್ಟಡ ಬೇಡ ಅನ್ನುತ್ತಿಲ್ಲ, ತಡೆಗೋಡೆ ಕಟ್ಟಿ ಆಮೇಲೆ ಅಗೆಯಲಿ ಎಂದಷ್ಟೇ ಅದರಲ್ಲಿತ್ತು. ಬಂದವರೆಲ್ಲ ಸಹಿ ಮಾಡಿದರು. ಮಾಡುವಾಗ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲ ಸಹಿ ಅಧ್ಯಕ್ಷರದು, ಎರಡನೆಯದು ನನ್ನದು.

ಪಾಲಿಕೆಯ ಕಚೇರಿಗೆ ಅರ್ಜಿ ಕೊಟ್ಟ ಮೂರನೆಯ ದಿನ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ಒಂದು ಬೈಕು ಗೇಟಿನ ಮುಂದೆ ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಗಂಡಸು. ಹಿಂದೆಂದೂ ನೋಡಿರಲಿಲ್ಲ.

“ಮೇಡಂ, ಸಂಘದ ಸೆಕ್ರೆಟರಿ ನೀವೇನಾ?”

“ಹೌದು. ಏನಾಗ್ಬೇಕಿತ್ತು?”

“ಏನಿಲ್ಲ, ಸುಮ್ನೆ. ದಿನಾ ಬೆಳಿಗ್ಗೆ ಒಬ್ರೇ ವಾಕಿಂಗ್ ಹೋಗ್ತೀರಂತಲ್ಲ? ನೋಡ್ಕೊಂಡು ಹೋಗಿ ಮೇಡಂ. ನಾಯಿಗಳು ಜಾಸ್ತಿ ಆಗಿವೆ.”

ನಕ್ಕ. ಬೈಕು ತಿರುಗಿಸಿಕೊಂಡು ಹೋದ. ನನ್ನ ಕೈಯಲ್ಲಿದ್ದ ರಂಗೋಲಿ ಪುಡಿ ಅಷ್ಟೂ ಒಂದೇ ಕಡೆ ಸುರಿದುಹೋಗಿತ್ತು. ಒಳಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರಿಗೆ ಹಿಂದಿನ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. “ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ?” ಎಂದರು. ದನಿ ಬೈಗುಳದ್ದಾದರೂ ಎದ್ದು ಹೋಗಿ ಗೇಟಿಗೆ ಬೀಗ ಹಾಕಿ ಬಂದರು. ಮಾರನೆಯ ದಿನದಿಂದ ನನ್ನ ವಾಕಿಂಗ್ ನಿಂತಿತು.

ಅದೇ ವಾರ ಫೋನುಗಳು ಬರತೊಡಗಿದವು. “ಮೇಡಂ, ನಮ್ಮ ಸಹಿ ತೆಗೆದ್ಬಿಡಿ. ಮಗಳ ಮದುವೆ ಇಟ್ಕೊಂಡಿದೀವಿ” ಎಂದು ಒಬ್ಬರು. “ನಮ್ಮನೆ ಮುಂದಿನ ಸಾಲಲ್ಲಿದೆಯಲ್ಲ, ನಮಗೇನೂ ಬಿರುಕು ಬಿಟ್ಟಿಲ್ಲ ಕಣ್ರೀ” ಎಂದು ಇನ್ನೊಬ್ಬರು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ನನ್ನ ಹಿತ್ತಿಲಿಗೆ ಆ ಗುಂಡಿ ತಾಗಿರದಿದ್ದರೆ ನಾನೂ ಹಾಗೇ ಫೋನ್ ಮಾಡುತ್ತಿದ್ದೆನೇನೋ. ಕೊನೆಗೆ ಗಟ್ಟಿಯಾಗಿ ಉಳಿದದ್ದು ನಾನು, ಅಧ್ಯಕ್ಷರು ಮತ್ತು ಗುಂಡಿಗೆ ತಾಗಿದ ಇನ್ನೆರಡು ಮನೆಯವರು. ಪಾಲಿಕೆಯ ಇಂಜಿನಿಯರೊಬ್ಬರು ಬಂದು ನೋಡಿ ಕೆಲಸ ನಿಲ್ಲಿಸಲು ಒಂದು ನೋಟಿಸು ಅಂಟಿಸಿ ಹೋದರು. ನಾಲ್ಕು ದಿನ ಯಂತ್ರ ನಿಂತಿತು. ಐದನೆಯ ದಿನ ಮತ್ತೆ ಲೋಟಗಳು ಕಿಣಿಕಿಣಿ ಅಂದವು.

ಇನ್ನು ಅಣ್ಣನನ್ನೇ ಕೇಳುವುದೆಂದು ಅವರ ಮನೆಗೆ ಹೋದೆ. ಹೋಗುವ ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದ್ದೆ. ಅಣ್ಣ ಮನೆಯಲ್ಲಿರಲಿಲ್ಲ. ಹೊಸ ಮೂರಂತಸ್ತಿನ ಮನೆಯ ಪಕ್ಕದಲ್ಲಿ ಇನ್ನೂ ಉಳಿಸಿಕೊಂಡಿದ್ದ ಕೊಟ್ಟಿಗೆಯ ಮುಂದೆ ಅವರ ತಾಯಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಎಂಬತ್ತು ದಾಟಿದ ಮುದುಕಿ.

“ಯಾವ ಮನೆಯವ್ವಾ ನೀನು?”

“ಕೊನೇ ಮನೆ ಅವ್ವಾ. ಗುಂಡಿ ಅಗೀತಿದಾರಲ್ಲ, ಅದರ ಪಕ್ಕದ್ದು.”

ಮುದುಕಿಯ ಕೈ ನಿಂತಿತು. “ಅಯ್ಯೋ, ಬಾವಿ ಪಕ್ಕದ ಮನೆನಾ?”

“ಯಾವ ಬಾವಿ?”

“ಅಲ್ಲೇ ಇತ್ತಲ್ಲವ್ವಾ ನಮ್ ದೊಡ್ಡ ಬಾವಿ. ಎತ್ತು ಕಟ್ಟಿ ಕಪಿಲೆ ಒಡ್ದು ನೀರೆತ್ತೋರು ನಮ್ ಮಾವ. ಸೈಟ್ ಮಾಡೋವಾಗ ಮಣ್ಣು, ಕಸ, ಅಳೇ ಮನೆ ಇಟ್ಟಿಗೆ ಎಲ್ಲಾ ತುಂಬಿ ಮುಚ್ಚುಬುಟ್ರು. ಅರ್ಧ ನಿಮ್ ಇತ್ಲಿಗೆ ಬಂತು, ಅರ್ಧ ಆ ಕಡೀಕೆ ಓಯ್ತು. ಇಂಗೆ ಅಗೀಬ್ಯಾಡ ಕಣಪ್ಪಾ ಅಂತ ನಾನೂ ಏಳ್ದೆ. ಯಾರ್ ಕೇಳ್ತಾರೆ?”

ಇಪ್ಪತ್ತು ವರ್ಷ ನಾನು ಪಾತ್ರೆ ತೊಳೆದದ್ದು, ಬಟ್ಟೆ ಒಣಹಾಕಿದ್ದು ಕಸ ತುಂಬಿದ ಬಾವಿಯೊಂದರ ಬಾಯಿಯ ಮೇಲೆ.

ಅಷ್ಟರಲ್ಲಿ ಅಣ್ಣ ಬಂದರು. ನಾನು ಬಾವಿಯ ಮಾತೆತ್ತಿದೆ. ಅವರು ತಾಯಿಯನ್ನೊಮ್ಮೆ ನೋಡಿದರು. “ಟೀಚರಮ್ಮ, ಅದೆಲ್ಲಾ ಹಳೇ ಕಾಲದ್ದು. ಅಮ್ಮಂಗೆ ವಯಸ್ಸಾಯ್ತು, ಏನೇನೋ ಹೇಳ್ತಾರೆ.”

“ಹಂಗಲ್ಲ ಅಣ್ಣಾ. ಮಳೆ ಬಂದ್ರೆ ಏನ್ ಗತಿ? ಕೆಳಗೆ ಕೂಲಿಯವರ ಮಕ್ಕಳಿವೆ.”

“ನಾನಿದೀನಲ್ಲ. ಧೈರ್ಯವಾಗಿರಿ” ಎಂದರು. ನನ್ನ ಕಣ್ಣು ನೋಡಿ ಹೇಳಲಿಲ್ಲ. ಬೈಕಿನಲ್ಲಿ ಬಂದವನ ವಿಷಯ ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ‘ಹೌದು, ನಾನೇ ಕಳಿಸಿದ್ದು’ ಎಂದರೆ ಏನು ಮಾಡುವುದೆಂದು ಹೆದರಿದೆ.

ದೀಪಾವಳಿಗೆ ಹತ್ತು ದಿನವಿರುವಾಗ ಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಸ್ವಲ್ಪ ಕಡಿಮೆಯಾದಾಗ ಹಿತ್ತಿಲ ಬಾಗಿಲು ತೆರೆದೆ. ಒಗೆಯುವ ಕಲ್ಲಿಗೂ ಕಾಂಪೌಂಡಿಗೂ ನಡುವೆ ನೆಲದಲ್ಲಿ ಬೆರಳು ತೂರುವಷ್ಟು ಸೀಳು. ಮಳೆನೀರು ಹರಿಯದೆ ಅದರೊಳಗೆ ಇಳಿದು ಮಾಯವಾಗುತ್ತಿತ್ತು. ಮೂಟೆಯಿಂದ ರಾಗಿ ಸೋರುವಂಥ ಸಣ್ಣ ಸದ್ದು ಕೆಳಗಿನಿಂದ ಬರುತ್ತಿತ್ತು. ಯಂತ್ರ ನಿಂತು ಎರಡು ದಿನವಾಗಿತ್ತು. ಆ ಸದ್ದು ಯಂತ್ರದ್ದಲ್ಲ.

ತಾರಸಿಗೆ ಓಡಿ ಕೆಳಗೆ ಕೂಗಿದೆ. “ಆಚೆ ಬನ್ನಿ! ಎಲ್ಲಾ ಆಚೆ ಬನ್ನಿ!”

ಮೇಸ್ತ್ರಿ ತಲೆಯೆತ್ತಿದ. “ಏನಮ್ಮಾ, ಕೆಲಸ ನಿಲ್ಸೋಕೆ ಹೊಸ ಡ್ರಾಮಾನಾ?” ಎಂದು ಬೀಡಿ ಹಚ್ಚಿದ.

ಅಧ್ಯಕ್ಷರಿಗೆ ಫೋನ್ ಮಾಡಿ, ಸುತ್ತುಹಾಕಿ, ಲಾರಿ ಇಳಿಯುವ ಇಳಿಜಾರಿನಲ್ಲಿ ನಾನೇ ಕೆಳಗಿಳಿದೆ. ಚಪ್ಪಲಿ ಕೆಸರಲ್ಲಿ ಉಳಿಯಿತು. ಒಳಗೆ ನಿಂತು ತಲೆಯೆತ್ತಿದಾಗ ನಮ್ಮ ಮನೆ ನನ್ನ ನೆತ್ತಿಯ ಮೇಲೆ ಕೂತಂತೆ ಕಂಡಿತು. ಅಂಥ ಭಯವನ್ನು ನಾನು ಹಿಂದೆಯೂ ಪಟ್ಟಿರಲಿಲ್ಲ, ಮುಂದೆಯೂ ಪಡಲಾರೆ.

ಮೊದಲ ಶೆಡ್ಡಿನಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಯಾದಗಿರಿ ಕಡೆಯವಳು. ಕೆಲವು ಸಲ ನಾನು ಮೇಲಿನಿಂದ ಹಳೆಯ ಸೀರೆ ಕೊಟ್ಟದ್ದರಿಂದ ಮುಖಪರಿಚಯವಿತ್ತು. ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು.

“ಎದ್ದು ಬಾರಮ್ಮಾ, ಮಣ್ಣು ಕುಸೀತಿದೆ.”

“ಹೊರಗ ಮಳಿ ಐತಲ್ರೀ ಅಕ್ಕಾರ. ಎಲ್ಲಿಗೆ ಹೋಗೂಣು? ಮೇಸ್ತ್ರಿ ಬೈತಾನ್ರೀ.”

“ಸಂಘದ ಹಾಲ್‌ಗೆ ಬನ್ನಿ. ನಾನು ಹೇಳ್ತೀನಿ ಅವನಿಗೆ.”

ಅವಳು ಏಳಲಿಲ್ಲ. ಮತ್ತೊಂದು ಹಿಡಿ ಹಿಟ್ಟು ತೆಗೆದುಕೊಂಡಳು. ಆಗ ನಾನು ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಜೋಲಿಗೆ ಕೈಹಾಕಿ ಕೂಸನ್ನೆತ್ತಿ ಎದೆಗವಚಿಕೊಂಡು ಇಳಿಜಾರಿನ ಕಡೆ ನಡೆದುಬಿಟ್ಟೆ. ಅವಳು “ಯವ್ವಾ, ನನ್ನ ಕೂಸು!” ಎಂದು ಚೀರುತ್ತಾ ಹಿಂದೆ ಓಡಿಬಂದಳು. ಚೀರಾಟಕ್ಕೆ ಉಳಿದ ಶೆಡ್ಡಿನವರು ಹೊರಬಂದು ನನ್ನನ್ನು ಹಿಡಿಯಲೆಂದೇ ಹಿಂದೆ ಬಂದರು. ಮೇಲೆ ಛತ್ರಿ ಹಿಡಿದು ಬಂದಿದ್ದ ಅಧ್ಯಕ್ಷರು ಅಡ್ಡನಿಂತು, “ಯಾರೂ ವಾಪಸ್ ಹೋಗ್ಬೇಡಿ. ಸಾಮಾನೆಲ್ಲಾ ಆಮೇಲೆ” ಎಂದು ಗದರಿದರು. ಅವರು ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೇಸ್ತ್ರಿ ಬೈಯುತ್ತಲೇ ಕೊನೆಯವನಾಗಿ ಮೇಲೆ ಬಂದ.

ಹಾಲಿನಲ್ಲಿ ಹತ್ತೊಂಬತ್ತು ಜನ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಕೂಸಿನ ತಾಯಿ ನನ್ನನ್ನು ಕೆಂಗಣ್ಣಿನಿಂದ ನೋಡುತ್ತಿದ್ದಳು. ಏನೂ ಆಗದಿದ್ದರೆ ಮಕ್ಕಳ ಕಳ್ಳಿ ಎಂದು ಪೊಲೀಸರಿಗೆ ಹೇಳುತ್ತಾರೆಂಬ ಹೆದರಿಕೆ ಹತ್ತಿತು. ಅರ್ಧ ಗಂಟೆ ಹಾಗೇ ಕಳೆಯಿತು. ಮಳೆ ಮತ್ತೆ ಜೋರಾಯಿತು.

ಆಮೇಲೆ ಸದ್ದು ಬಂತು. ಟಿಪ್ಪರ್ ಲಾರಿ ಜಲ್ಲಿ ಸುರಿದಂತೆ, ಆದರೆ ನಿಲ್ಲದೆ. ನಮ್ಮ ಕಾಲ ಕೆಳಗಿನ ಸಿಮೆಂಟು ನೆಲ ಅದುರಿತು. ಎಲ್ಲರೂ ಇಲ್ಲಿದ್ದಾರೆ, ಸದ್ಯ ಎಂದು ನಾನು ಉಸಿರುಬಿಟ್ಟೆ. ಮರುಕ್ಷಣವೇ ನೆನಪಾಯಿತು. ಯಜಮಾನರು ಮನೆಯಲ್ಲಿದ್ದರು.

ಹೌದು, ಮರೆತಿದ್ದೆ. ಊಟ ಮಾಡಿ ನಡುಮನೆಯಲ್ಲಿ ಮಲಗಿದ್ದವರನ್ನು ಎಬ್ಬಿಸದೆ, ಒಂದು ಮಾತು ಹೇಳದೆ ಬಂದಿದ್ದೆ. ಬರಿಗಾಲಿನಲ್ಲಿ ಓಡಿದೆ. ದಾರಿಯುದ್ದಕ್ಕೂ ದೇವರ ಹೆಸರೂ ನೆನಪಾಗಲಿಲ್ಲ.

ಅವರು ರಸ್ತೆಯ ನಡುವೆ ಮಳೆಯಲ್ಲಿ ನಿಂತಿದ್ದರು. ಲುಂಗಿ, ಬನಿಯನ್ನು, ಬೂದಿ ಬಣ್ಣದ ಮುಖ. ಕಾಫಿ ಮಾಡಿಕೊಳ್ಳೋಣವೆಂದು ಎದ್ದಾಗ ಅಡುಗೆಮನೆಯ ಪಾತ್ರೆಗಳು ತಾವಾಗಿ ಬಿದ್ದವಂತೆ, ಬಾಗಿಲಿಗೆ ಓಡಿ ಬಂದರಂತೆ. ಹಿಂದೆ ನೋಡಿದರೆ ಹಿತ್ತಿಲಿಲ್ಲ. ಅಡುಗೆಮನೆಯ ಹಿಂಗೋಡೆಯೂ ಇಲ್ಲ. ಸಿಂಕು ಪೈಪಿನಲ್ಲಿ ನೇತಾಡುತ್ತಿತ್ತು. ಕೆಳಗೆ ಐದು ಶೆಡ್ಡುಗಳಿದ್ದ ಕಡೆ ಬರೀ ಕೆಂಪು ಗುಡ್ಡೆ, ಅದರ ನಡುವೆ ಹಳೆಯ ಮನೆಯ ಇಟ್ಟಿಗೆ ಚೂರುಗಳು.

ನಾನು ಅವರ ತೋಳು ಹಿಡಿದೆ. ಅವರು ಬೈಯಲಿಲ್ಲ. “ನನ್ನ ಕರೀಲೇ ಇಲ್ವಲ್ಲೇ ನೀನು” ಎಂದರು. ಅಳುತ್ತಾ ಅವರನ್ನು ಹಾಲಿನ ಕಡೆ ನಡೆಸಿಕೊಂಡು ಹೋದೆ.

ಅಣ್ಣ ಬಂದಾಗ ಮಳೆ ನಿಂತಿತ್ತು. ಅವರು ಗುಂಡಿಯ ಕಡೆ ಹೋಗದೆ ನೇರ ಹಾಲಿಗೆ ಬಂದು, ಬೆರಳು ತೋರಿಸುತ್ತಾ ಒಬ್ಬೊಬ್ಬರನ್ನೂ ಎಣಿಸಿದರು. ಮೇಸ್ತ್ರಿಯನ್ನು ಕೇಳಿ ಮತ್ತೊಮ್ಮೆ ಎಣಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕೂತರು.

“ಬಾವಿ ಇದ್ದಿದ್ದು ನಂಗೂ ಗೊತ್ತಿತ್ತು ಟೀಚರಮ್ಮ. ಇಷ್ಟು ವರ್ಷ ಆಯ್ತಲ್ಲ, ಮಣ್ಣು ಗಟ್ಟಿಯಾಗಿರುತ್ತೆ ಅಂದ್ಕೊಂಡೆ.”

ಆಗ ಧೈರ್ಯ ಮಾಡಿ ಬೈಕಿನವನ ವಿಷಯ ಕೇಳಿದೆ. ತಾವು ಕಳಿಸಿಲ್ಲವೆಂದರು, ತಾಯಿಯ ಮೇಲೆ ಆಣೆ ಇಟ್ಟರು. ನಂಬಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಮರುದಿನದ ಸಭೆಗೆ ಹಾಲಿನಲ್ಲಿ ಜಾಗ ಸಾಲಲಿಲ್ಲ. ಸಹಿ ಹಿಂತೆಗೆದವರೇ ಮುಂದೆ ನಿಂತು ಮಾತಾಡಿದರು. ಕೆಲಸ ತಿಂಗಳುಗಟ್ಟಲೆ ನಿಂತಿತು. ಈಗ ಮೂರೂ ಬದಿಗೆ ಕಾಂಕ್ರೀಟಿನ ತಡೆಗೋಡೆ ಎದ್ದಿದೆ, ನೆಲಮಾಳಿಗೆ ಮೂರರ ಬದಲು ಒಂದಾಗಿದೆ. ಅಣ್ಣನೇ ನಿಂತು ನಮ್ಮ ಅಡುಗೆಮನೆ ಕಟ್ಟಿಸಿಕೊಟ್ಟರು. ಅಷ್ಟು ದಿನ ನಾವು ಮುಂದಿನ ಬೀದಿಯ ಬಾಡಿಗೆ ಮನೆಯಲ್ಲಿದ್ದು ವಾಪಸ್ ಬಂದೆವು. ಗೋಡೆ ಗಟ್ಟಿಯಾಗಿದೆ ಎಂದು ಮೂವರು ಇಂಜಿನಿಯರುಗಳು ಹೇಳಿದ್ದಾರೆ. ಆದರೂ ಮೋಡ ಕಟ್ಟಿದರೆ ನಾನು ಒಲೆ ಆರಿಸಿ, ಯಜಮಾನರನ್ನು ಕರೆದುಕೊಂಡು ಮುಂದಿನ ವರಾಂಡದಲ್ಲಿ ಕೂರುತ್ತೇನೆ. ಅವರು ಏನೂ ಕೇಳದೆ ಬಂದು ಕೂರುತ್ತಾರೆ.

ಆ ಕೂಲಿಯವರು ಈಗ ತಣಿಸಂದ್ರದ ಕಡೆ ಇನ್ನೊಂದು ಕಟ್ಟಡಕ್ಕೆ ಹೋಗಿದ್ದಾರೆ. ಹೊರಡುವಾಗ ನನ್ನ ನಂಬರು ಕೇಳಿ ಬರೆಸಿಕೊಂಡಿದ್ದ ಕೂಸಿನ ತಾಯಿ ಹೋದ ತಿಂಗಳು ಫೋನ್ ಮಾಡಿದ್ದಳು. ಮಗು ನಡೆಯಲು ಕಲಿತಿದೆಯಂತೆ.

“ಶೆಡ್ಡು ಎಲ್ಲಿ ಹಾಕಿದಾರಮ್ಮ?” ಎಂದೆ.

“ಗುಂಡ್ಯಾಗ ರೀ ಅಕ್ಕಾರ” ಎಂದಳು.

ಮಾರನೆಯ ದಿನವೇ ಅಧ್ಯಕ್ಷರೂ ನಾನೂ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದೆವು. ಕಾವಲುಗಾರ ಒಳಗೆ ಬಿಡಲಿಲ್ಲ. ಪಕ್ಕದ ಬೀದಿಯಲ್ಲಿ ವಿಚಾರಿಸಿ ಅಲ್ಲಿನ ಸಂಘದ ಕಾರ್ಯದರ್ಶಿಯ ಮನೆ ಹುಡುಕಿದೆವು. ಬಾಗಿಲು ತೆರೆದವಳು ಮೂವತ್ತರ ಆಸುಪಾಸಿನ ಹೆಂಗಸು. ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬೀದಿಯ ಎರಡೂ ಕಡೆ ನೋಡಿ, ಒಳಗೆ ಕರೆದು ಬಾಗಿಲು ಹಾಕಿದಳು.

“ಅರ್ಜಿ ಬರೆದಿಟ್ಟಿದೀನಿ ಆಂಟಿ” ಎಂದಳು. “ಕೊಡೋಕೆ ಭಯ ಆಗ್ತಿದೆ.”

“ನಾವೂ ಬರ್ತೀವಿ, ನಡಿಯಮ್ಮ” ಎಂದೆ. ನನ್ನ ದನಿಯೂ ಗಟ್ಟಿಯಾಗೇನೂ ಇರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡಳು.