ಬಿಸಿಲಿಗೆ ವಾಪಸ್ ಬಂದ ಬ್ಯಾಗು

ಕುರುಗೋಡಿನ ನನ್ನ ನಾದಿನಿ ಆ ಬ್ಯಾಗನ್ನು ದಿಂಬಿನ ಗವಸಿನೊಳಗೆ ಹಾಕಿಕೊಂಡು ಬಸ್ಸಿನಲ್ಲಿ ಬಳ್ಳಾರಿಗೆ ತಂದಿದ್ದಳು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳಂತೆ. ಪಕ್ಕದ ಸೀಟಿನ ಅಜ್ಜಿಯೊಬ್ಬಳು, "ಕೂಸು ಮಲಗೇತೇನವ್ವಾ?" ಅಂತ ಮೆಲ್ಲಗೆ ಕೇಳಿದಳಂತೆ.

"ಇದನ್ನ ಮಾರಿಕೊಡ್ರಿ ಅತ್ತಿಗಿ," ಅಂದಳು ನಾದಿನಿ, ಗವಸನ್ನು ಊಟದ ಮೇಜಿನ ಮೇಲಿಟ್ಟು. "ನನಗೊಂದು ಸ್ಕೂಟಿ ಬೇಕು. ಹೊಸಾದೇನಲ್ಲ. ಯಾರರ ಓಡಿಸಿ ಬಿಟ್ಟಿದ್ದು ಸಾಕು."

ಎರಡು ವರ್ಷದ ಹಿಂದೆ ಅವಳ ಗಂಡನ ಕಡೆಯವರು ದುಬೈನಿಂದ ತಂದುಕೊಟ್ಟ ಬ್ಯಾಗು ಅದು. ಮಾಸಲು ಬಿಳಿ ಚರ್ಮ, ಒಳಗೆ ಕೆನೆ ಬಣ್ಣದ ಹತ್ತಿಯ ಅಸ್ತರು, ಹಿಡಿಕೆಯ ಬುಡದಲ್ಲಿ ಇಟಲಿಯ ಒಂದು ದೊಡ್ಡ ಹೆಸರು. ಒಂದೇ ಒಂದು ಮದುವೆಗೆ ಹಿಡಿದಿದ್ದಳು. ಪಂಕ್ತಿಯಲ್ಲಿ ಸಾರಿನ ಬಕೀಟು ಹತ್ತಿರ ಬಂದಾಗಲೆಲ್ಲ ಅದನ್ನು ಎದೆಗೆ ಅವಚಿಕೊಂಡು, ಕಡೆಗೆ ಊಟವೇ ಸೇರದೆ ಎದ್ದುಬಂದಿದ್ದಳು. ಅವತ್ತಿನಿಂದ ಅದು ಬೀರುವಿನಲ್ಲಿ ನುಸಿಗುಳಿಗೆಗಳ ನಡುವೆ ಇತ್ತು. ಅವಳಿಗೆ ಬೇಕಾಗಿದ್ದದ್ದು ಬ್ಯಾಗಲ್ಲ. ಗಂಡನಿಗೆ ಪುರುಸೊತ್ತಾಗುವವರೆಗೂ ಬಾಗಿಲಲ್ಲಿ ಕಾಯದೆ, ತನಗೆ ಬೇಕೆನಿಸಿದಾಗ ಹೊರಟು ಹೋಗುವಂಥ ಒಂದು ಗಾಡಿ.

ಅವಳ ಗಂಡ ಭತ್ತದ ವ್ಯಾಪಾರಿ, ಮಾತಿನಲ್ಲಿ ಚಾಲಾಕು. ಫೋನಿನಲ್ಲೇ ನಕ್ಕಿದ್ದ: "ಒಂದು ಚೀಲ ಮಾರಿ ಗಾಡಿ ತರ್ತಾಳಂತ. ನಾ ದಿನಾ ನೂರು ಚೀಲ ಮಾರ್ತೀನಿ. ಹಂಗಾದ್ರ ನನಗ ವಿಮಾನಾನ ಬರಬೇಕಲ್ರಿ ಅಕ್ಕಾರ."

ಈ ಮಾರುವ ಕೆಲಸ ನನಗೆ ಅಂಟಿಕೊಂಡದ್ದು ನನ್ನದೇ ಒಂದು ಕೈಚೀಲದಿಂದ. ಬೇಡದ್ದನ್ನು ಮಾರುವ ಆ್ಯಪಿಗೆ ಸುಮ್ಮನೆ ಫೋಟೋ ಹಾಕಿದೆ. ನಾಲ್ಕನೇ ದಿನಕ್ಕೆ ಯಾರೋ ಕೊಂಡರು. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ನಮ್ಮ ಬಳ್ಳಾರಿಯ ಮದುವೆಗಳು ಗೊತ್ತಲ್ಲ. ಒಂದೇ ಸಂಜೆ ಉಟ್ಟು ಮಡಚಿಟ್ಟ ಡಿಸೈನರ್ ಲೆಹೆಂಗಾಗಳು ಯಾವ ಬೀರು ತೆಗೆದರೂ ಎರಡು ಸಿಗುತ್ತವೆ. ಬ್ಯಾಗು, ಚಪ್ಪಲಿ, ತಂಪು ಕನ್ನಡಕ, ಎಲ್ಲ ಬರತೊಡಗಿದವು. ಮಾರುವುದಕ್ಕಿಂತ ಮೊದಲು ಅಸಲಿಯೋ ನಕಲಿಯೋ ನೋಡಬೇಕು. ಅದಕ್ಕೆ ನನ್ನ ಹತ್ತಿರ ಯಂತ್ರವೇನೂ ಇಲ್ಲ, ಕಣ್ಣು ಮಾತ್ರ ಇದೆ.

ಆ ಕಣ್ಣನ್ನು ಕೊಟ್ಟದ್ದು ನಾನು ಓದಿದ ಕಾನ್ವೆಂಟು. ಸಿರುಗುಪ್ಪದ ಅಕ್ಕಿ ಗಿರಣಿಯ ಮನೆಯಿಂದ ನನ್ನನ್ನು ಬಳ್ಳಾರಿಯ ಹಾಸ್ಟೆಲ್ಲಿಗೆ ಸೇರಿಸಿದಾಗ ನನಗೆ ಎಂಟು ವರ್ಷ. ಹೊಲಿಗೆಯ ಕ್ಲಾಸಿನ ಸಿಸ್ಟರ್ ಒಂದು ಇಂಚಿನ ಪಟ್ಟಿ ಇಟ್ಟು ನಮ್ಮ ಹೊಲಿಗೆಗಳನ್ನು ಎಣಿಸುತ್ತಿದ್ದರು. ಇಂಚಿಗೆ ಹತ್ತರ ಬದಲು ಒಂಬತ್ತಾದರೆ ಬಿಚ್ಚಬೇಕು. ಒಂದು ಸಲ ಸೊಟ್ಟ ಹೊಲಿಗೆಯ ಮೇಲೆ ನಾನು ಚೆಂದದ ಹೂವೊಂದನ್ನು ಕಸೂತಿ ಮಾಡಿ ಮುಚ್ಚಿದ್ದೆ. ಸಿಸ್ಟರ್ ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರು. ಏನೂ ಬೈಯದೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಹೂವನ್ನೂ ಬಿಚ್ಚಿದೆ, ಹೊಲಿಗೆಯನ್ನೂ ಬಿಚ್ಚಿದೆ. ಇವತ್ತಿಗೂ ಯಾವ ವಸ್ತು ಕೈಗೆ ಬಂದರೂ ಮೊದಲು ಅದರ ಹಿಂಬದಿ ನೋಡುತ್ತೇನೆ. ಜಿಪ್ಪಿನ ಹಲ್ಲು, ಗುಂಡಿಯ ಹಿಂದಿನ ದಾರ ಇವನ್ನೆಲ್ಲ ನಮ್ಮ ಮನೆಯ ಹಿಂದಿನ ಜೀನ್ಸ್ ಹೊಲಿಯುವ ಹೆಂಗಸರಿಂದ ಕಲಿತೆ. ಅವರು ಕಣ್ಣು ಮುಚ್ಚಿ ಜಿಪ್ ಎಳೆದರೂ ಸಾಕು, ಶಬ್ದದಲ್ಲೇ ಇದು ಎಂಥದ್ದು ಅಂತ ಹೇಳಿಬಿಡುತ್ತಾರೆ.

ನಾದಿನಿಯ ಬ್ಯಾಗು ಅಸಲಿ. ಹೊಲಿಗೆ ಚೂರು ವಾಲಿಕೊಂಡು, ಒಂದರಷ್ಟೇ ಒಂದು ಉದ್ದವಾಗಿ, ಒಳಮೂಲೆಯಲ್ಲೂ ತಪ್ಪದೆ ಸಾಗಿತ್ತು. ಕಿಟಕಿಯ ಬೆಳಕಿನಲ್ಲಿ ಹನ್ನೆರಡು ಫೋಟೋ ತೆಗೆದೆ. ಅಸ್ತರನ್ನು ಹೊರಗೆಳೆದು ಅದರದ್ದೂ ತೆಗೆದೆ. "ಒಳಗೆ ಒಂದು ಕಲೆಯೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದೆ. ಹತ್ತು ದಿನಕ್ಕೆ ಮುಂಬೈಯ ಹೆಂಗಸೊಬ್ಬಳು ಕೊಂಡಳು. ತೆಳು ಕಾಗದ ತುಂಬಿ, ಬಟ್ಟೆಯ ಚೀಲಕ್ಕೆ ಹಾಕಿ, ಡಬ್ಬದಲ್ಲಿಟ್ಟು, ಅಂಟುಪಟ್ಟಿ ತರಲು ಒಳಗೆ ಹೋಗಿ ಬಂದೆ. ಡಬ್ಬ ಮುಚ್ಚಿ ಕೊರಿಯರ್‌ಗೆ ಕೊಟ್ಟೆ. ಕುರುಗೋಡಿಗೆ ಫೋನು ಮಾಡಿದೆ. ಅವಳು ಆಗಲೇ ಗಾಡಿಯೊಂದನ್ನು ನೋಡಿಟ್ಟಿದ್ದಳು.

ಆರನೇ ದಿನ ಮುಂಬೈಯಿಂದ ದೂರು ಬಂತು. "ಹೇಳಿದಂತೆ ಇಲ್ಲ. ಒಳಗೆ ಕೊಳಕು ಕೆಂಪು ಕಲೆ ಇದೆ. ದುಡ್ಡು ವಾಪಸ್ ಬೇಕು." ಜೊತೆಗೆ ಫೋಟೋ. ಕೆನೆ ಬಣ್ಣದ ಅಸ್ತರಿನ ಮೇಲೆ ಅಂಗೈ ಅಗಲದ ಇಟ್ಟಿಗೆ ಕೆಂಪು.

ಉತ್ತರ ಕೊಡಲು ಎರಡು ದಿನದ ಗಡುವಿತ್ತು. ಆ್ಯಪಿನವರ ತೀರ್ಪು ನನ್ನ ವಿರುದ್ಧ ಬಂದರೆ, ನಂಬಬಹುದಾದವಳು ಎಂದು ಅವರು ನನ್ನ ಹೆಸರಿನ ಪಕ್ಕ ಹಾಕಿದ ಹಸಿರು ಗುರುತು ಹೋಗುತ್ತದೆ. ಅದು ಹೋದ ಮೇಲೆ ಬಳ್ಳಾರಿಯ ಗೃಹಿಣಿಯೊಬ್ಬಳ ಹತ್ತಿರ ಇಂಥ ಬ್ಯಾಗನ್ನು ಯಾರು ಕೊಳ್ಳುತ್ತಾರೆ? ಅದಕ್ಕಿಂತ ಹೆಚ್ಚಾಗಿ ಅದು ನನ್ನದಲ್ಲ, ನಾದಿನಿಯದು. ಕೆಟ್ಟುಹೋದ ಬ್ಯಾಗಿಗೆ ಸ್ಕೂಟಿ ಬರುವುದಿಲ್ಲ, ಆ ಭತ್ತದ ವ್ಯಾಪಾರಿಯ ನಗೆ ಮಾತ್ರ ಬರುತ್ತದೆ.

ನನ್ನವರು ನನ್ನ ಫೋಟೋಗಳನ್ನೂ ಆಕೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ನಿನ್ನ ಫೋಟೋದಾಗ ಕಲಿ ಇಲ್ಲ. ಆಕಿನ ಲಿಪ್‌ಸ್ಟಿಕ್ ಚೆಲ್ಲಿಕೊಂಡಾಳ. ಹಂಗಂತ ಬರಿ. ಗೆಲ್ತಿ."

ನನಗೂ ಹಾಗೇ ಅನಿಸಿತ್ತು. ಆದರೂ ಅಭ್ಯಾಸ ಬಿಡದು. ಫೋಟೋವನ್ನು ದೊಡ್ಡದು ಮಾಡಿ ಅಂಚಿನಿಂದ ಅಂಚಿಗೆ ನೋಡುತ್ತ ಹೋದೆ. ಕೆಂಪಿನ ಸುತ್ತ ಸಣ್ಣದೊಂದು ಹಳದಿ ಅಂಚು. ಒಳಜೇಬಿನ ಮೂಲೆಯಲ್ಲಿ, ಹೊಲಿಗೆಗೆ ಸಿಕ್ಕಿಕೊಂಡು, ಏನೋ ಒಂದು ಸಣ್ಣದು. ಇನ್ನೂ ದೊಡ್ಡದು ಮಾಡಿದೆ. ಅಕ್ಕಿ ಕಾಳು. ಸಪೂರ, ಮೊನಚು, ಹಳದಿ ಬಳಿದ ಅಕ್ಕಿ ಕಾಳು. ಗಿರಣಿಯ ಮನೆಯಲ್ಲಿ ಹುಟ್ಟಿದವಳು ನಾನು. ತವರಿನಿಂದ ಮೂಟೆಯಲ್ಲಿ ಬರುವ ನಮ್ಮ ಸೋನಾ ಮಸೂರಿಯನ್ನು ಫೋಟೋದಲ್ಲಿ ನೋಡಿದರೂ ಗುರುತು ಸಿಗುತ್ತದೆ.

ಅತ್ತೆ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಬಿಚ್ಚಿದೆ.

"ಅತ್ತೀ, ಅವತ್ತು ಆ ಬ್ಯಾಗಿನಾಗ ಏನರ ಇಟ್ಟಿದ್ರೇನ್ರಿ?"

"ಇಟ್ಟಿದ್ದೆ." ಅದರಲ್ಲೇನು ಕೇಳುವುದು ಅನ್ನುವ ಹಾಗೆ ಅಂದರು. "ಐದು ಕಾಳು ಅಕ್ಷತಿ, ಒಂದು ಚಿಟಿಕಿ ಅರಿಶಿಣ. ಕಾಗದದಾಗ ಕಟ್ಟಿ ಇಟ್ಟೆ. ಹೆಣ್ಣಮಗಳ ಕೈಗೆ ಬರೇ ಚೀಲ ಕೊಡ್ತಾರೇನವ್ವಾ ಯಾರರ?"

"ಆಕಿ ಯಾರೋ ಏನೋ ಅತ್ತೀ, ಎಲ್ಲಿಯಾಕಿನೋ."

"ಎಲ್ಲಿಯಾಕಿ ಆದ್ರೂ ನಮ್ಮ ಮನಿಯಿಂದ ಹೊಂಟಿದ್ದು ಖಾಲಿ ಹೋಗಬಾರದು."

ಡಬ್ಬ, ಬುಟ್ಟಿ, ಪಾತ್ರೆ ಯಾವುದನ್ನೂ ನಮ್ಮ ಮನೆಯಿಂದ ಬರಿದಾಗಿ ಹಿಂತಿರುಗಿಸಿದ ನೆನಪು ನನಗಿಲ್ಲ. ಪಕ್ಕದ ಮೋಕ ಊರಿನಿಂದ ಹಾಲಿನವಳು ತರುವ ಕ್ಯಾನಿಗೂ ಹಬ್ಬದ ದಿನ ಒಂದಿಷ್ಟು ಸಕ್ಕರೆ ಬೀಳುತ್ತದೆ. ನಾನು ಅಂಟುಪಟ್ಟಿ ತರಲು ಹೋದ ಅರ್ಧ ನಿಮಿಷದಲ್ಲಿ ಅವರು ಉಡಿ ತುಂಬಿಯೇ ಬಿಟ್ಟಿದ್ದರು. ದಾರಿಯಲ್ಲಿ ಪೊಟ್ಟಣ ಬಿಚ್ಚಿಕೊಂಡಿತ್ತು.

ಹೇಳಬಾರದು ಅಂತಲೇ ಇದ್ದೆ. ಆದರೆ ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು, ಕನ್ನಡಕ ತಂದುಕೊಡು ಅಂದರು. ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮುರಿಯುತ್ತಲೇ ಇದ್ದರು.

"ನನ್ನಿಂದ ಆತು."

"ಇಲ್ಲ ಬಿಡ್ರಿ ಅತ್ತೀ."

"ಇಲ್ಲ ಅಂದ್ರ ಹೆಂಗ, ಆಗೇತಲ್ಲ." ಮತ್ತೆ ಫೋಟೋ ನೋಡಿದರು. ಈ ಸಲ ಹುಬ್ಬು ಗಂಟಾಯಿತು. "ಇದು ಕೆಂಪ್ಯಾಕ ಆತು? ಸೋಪು ಹಚ್ಚಿ ತಿಕ್ಕ್ಯಾಳ ನೋಡು. ಅರಿಶಿಣಕ್ಕ ಸೋಪು ಮುಟ್ಟಿಸ್ತಾರೇನು? ಆಕಿ ಮನ್ಯಾಗ ಹಿರಿಯರು ಯಾರೂ ಇಲ್ಲೇನು? ನಿಂಬಿಹಣ್ಣಿನ ರಸ ಹಚ್ಚಿ ಬಿಸಿಲಿಗೆ ಹಾಕಂತ ಬರಿ. ಅರಿಶಿಣ ಬಿಸಿಲಿಗೆ ನಿಲ್ಲಂಗಿಲ್ಲ."

ನನ್ನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಅರಿಶಿಣ ಅಂತ ಬರದ್ರ ತಪ್ಪು ಒಪ್ಪಿಕೊಂಡಂಗ ಆತು. ತಂಗಿ ಗಾಡಿ ಹೋತು, ನಿನ್ನ ಹಸಿರು ಗುರುತೂ ಹೋತು," ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಹನ್ನೆರಡು ಫೋಟೋ ಸಾಕಿತ್ತು ಗೆಲ್ಲಲು. ಆದರೆ ಆ ಫೋಟೋಗಳ ಹಿಂಬದಿ ಏನಿದೆಯೆಂದು ಈಗ ನನಗೆ ಗೊತ್ತಿತ್ತು.

ಕುರುಗೋಡಿಗೆ ಮೊದಲು ಫೋನು ಮಾಡಿದೆ. ವಸ್ತು ಅವಳದು, ಅವಳನ್ನು ಕೇಳದೆ ಬರೆಯಲಾರೆ. ನಾದಿನಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಅವ್ವ ನನಗೂ ಹಂಗ ಅಲ್ರಿ, ಪರೀಕ್ಷೆಗೆ ಹೋಗಬೇಕಾದ್ರ ಕಂಪಾಸ್ ಬಾಕ್ಸಿನಾಗ ಅಕ್ಷತಿ ಇಡ್ತಿದ್ದಳು," ಅಂದಳು. "ಪಾಸಾಗೇನಿ ನಾ ಎಲ್ಲಾದ್ರಾಗೂ. ಖರೇನ ಬರೀರಿ ಅತ್ತಿಗಿ."

ಬರೆದೆ. ಸಿಸ್ಟರುಗಳು ಕಲಿಸಿದ ಇಂಗ್ಲಿಷು, ಉದ್ದ ವಾಕ್ಯವಿಲ್ಲ, ನೆಪವಿಲ್ಲ. ಕಲೆ ಅರಿಶಿಣದ್ದು, ನಮ್ಮ ಮನೆಯಿಂದಲೇ ಬಂದದ್ದು, ನನಗೆ ಗೊತ್ತಿರಲಿಲ್ಲ, ಆದರೂ ನೋಡಬೇಕಾದವಳು ನಾನೇ. ನಮ್ಮ ಅತ್ತೆ ಹೆಣ್ಣುಮಗಳಿಗೆ ಬರಿದಾದ ಚೀಲ ಕೊಡುವುದಿಲ್ಲ. ಸೋಪು ತಾಕಿದ್ದರಿಂದ ಕೆಂಪಾಗಿದೆ. ಬಿಸಿಲಿಗಿಟ್ಟರೆ ಹೋಗುತ್ತದೆ, ಇಲ್ಲವಾದರೆ ವಾಪಸ್ ಕಳಿಸಿ, ದುಡ್ಡು ಪೂರ್ತಿ ನಿಮ್ಮದು.

ಮರುದಿನ ಉತ್ತರ ಬಂತು. ಪೊಟ್ಟಣದಿಂದ ಚೆಲ್ಲಿದ್ದನ್ನು ಯಾರದೋ ಹಳೆಯ ಮೇಕಪ್ಪಿನ ಪುಡಿ ಅಂದುಕೊಂಡೆ, ಅಸಹ್ಯವಾಯಿತು, ಅಂತ ಬರೆದಿದ್ದಳು. ಕೊನೆಗೊಂದು ಸಾಲು: "ಇಲ್ಲಿ ಹತ್ತು ದಿನದಿಂದ ಮಳೆ. ಬಿಸಿಲು ಎಲ್ಲಿಂದ ತರಲಿ? ವಾಪಸ್ ಕಳಿಸುತ್ತಿದ್ದೇನೆ."

ಅತ್ತೆ ಅದನ್ನು ಕೇಳಿ, "ಪಾಪ, ಬಿಸಿಲಿಲ್ಲದ ಊರು," ಅಂದರು.

ಬ್ಯಾಗು ವಾಪಸ್ ಬಂದ ದಿನ ಮಹಡಿಯ ಮೇಲೆ ಅತ್ತೆ ಮುಂಜಾನೆಯೇ ಜಾಗ ಗುಡಿಸಿಟ್ಟಿದ್ದರು. ಅಸ್ತರನ್ನು ಜೇಬಿನ ಹಾಗೆ ಹೊರಗೆ ಮಗುಚಿ, ಚರ್ಮಕ್ಕೆ ಬಿಸಿಲು ತಾಗದಂತೆ ಅವರ ಹಳೆಯ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದೆವು. ನಿಂಬೆರಸವನ್ನು ಹತ್ತಿಯಲ್ಲಿ ಅದ್ದಿ ಒತ್ತಿದಾಗ ಕೆಂಪು ಕಣ್ಣೆದುರೇ ಹಳದಿಗೆ ತಿರುಗಿತು. "ಹಾದಿಗೆ ಬಂತು ನೋಡು," ಅಂದರು ಅತ್ತೆ. ಒದ್ದೆ ಬಟ್ಟೆಯಿಂದ ಹುಳಿಯನ್ನು ಒರೆಸಿ ಬಿಟ್ಟೆವು. ಆಕೆ ತಿಕ್ಕಿದ ರಭಸಕ್ಕೆ ಅಸ್ತರಿನ ಅಂಚಿನಲ್ಲಿ ಅರ್ಧ ಇಂಚು ಹೊಲಿಗೆ ಬಿಟ್ಟಿತ್ತು. ಹಳೆಯ ಸೂಜಿಯ ತೂತುಗಳಲ್ಲೇ ಸೂಜಿ ಇಳಿಸಿ ಐದು ಹೊಲಿಗೆ ಹಾಕಿದೆ. ಜೀನ್ಸ್ ಹೊಲಿಯುವ ಹೆಂಗಸೊಬ್ಬಳಿಗೆ ತೋರಿಸಿ, ಯಾವವು ನನ್ನವು ಹೇಳು ಅಂದೆ. ಎರಡು ಸಲ ನೋಡಿ ತಪ್ಪಾಗಿ ತೋರಿಸಿದಳು. ಆ ಖುಷಿಯಲ್ಲಿ ಅವತ್ತು ಮನೆಗೆಲ್ಲ ಕೇಸರಿಬಾತ್ ಮಾಡಿದೆ, ಕಾರಣ ಯಾರಿಗೂ ಹೇಳಲಿಲ್ಲ.

ಬಳ್ಳಾರಿಯ ಬಿಸಿಲನ್ನು ಬೈಯದವರಿಲ್ಲ. ನಾನೂ ಬೈದಿದ್ದೇನೆ. ಆ ಮೂರು ಮಧ್ಯಾಹ್ನ ಮಾತ್ರ ಮೋಡದ ತುಣುಕು ಅಡ್ಡ ಬಂದರೂ ನಾನು, ಅತ್ತೆ ಇಬ್ಬರೂ ತಲೆಯೆತ್ತಿ ನೋಡುತ್ತಿದ್ದೆವು. ಮೊದಲ ದಿನ ಸೇವಂತಿಗೆ ಹಳದಿ, ಎರಡನೇ ದಿನ ಬೆಣ್ಣೆಯ ಬಣ್ಣ, ಮೂರನೇ ದಿನ ಕಲೆ ಎಲ್ಲಿತ್ತೆಂದು ಬೆರಳಿಟ್ಟು ತೋರಿಸಲು ನನಗೇ ಆಗಲಿಲ್ಲ.

ಮತ್ತೆ ಆ್ಯಪಿನಲ್ಲಿ ಹಾಕಿದೆ. ಈ ಸಲ "ಒಂದು ಕಲೆಯೂ ಇಲ್ಲ" ಎಂದು ಬರೆಯಲಿಲ್ಲ. ಅರಿಶಿಣ ಚೆಲ್ಲಿತ್ತು, ಬಿಸಿಲಿನಲ್ಲಿ ತೆಗೆದಿದ್ದೇವೆ, ಐದು ಹೊಲಿಗೆ ನಾನು ಹಾಕಿದ್ದು, ಹೀಗೆ ಆದದ್ದನ್ನೆಲ್ಲ ಬರೆದೆ. ನನ್ನವರು ಓದಿ ತಲೆ ಚಚ್ಚಿಕೊಂಡರು: "ಇದನ್ನ ಓದಿ ಯಾರು ತಗೋತಾರ?"

ಐದು ದಿನ ಯಾರೂ ಕೇಳಲಿಲ್ಲ. ಆರನೇ ದಿನ ಅದೇ ಮುಂಬೈಯ ಹೆಂಗಸು ಬರೆದಳು, ಹಗಲು ಬೆಳಕಿನಲ್ಲಿ ಒಳಗಿನ ಇನ್ನೊಂದು ಫೋಟೋ ಕಳಿಸು ಅಂತ. ಮಹಡಿಗೆ ಒಯ್ದು ತೆಗೆದು ಕಳಿಸಿದೆ. ಮೊದಲಿನ ಬೆಲೆಗೇ, ಚೌಕಾಸಿ ಮಾಡದೆ ಕೊಂಡಳು.

ಎರಡನೇ ಸಲ ಡಬ್ಬ ಕಟ್ಟುವಾಗ ಅತ್ತೆ ದೂರದ ಕುರ್ಚಿಯಲ್ಲಿ ಕೂತಿದ್ದರು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ನಾನು ಗುಂಡಿಗಳನ್ನು ಹಾಕಿಡುವ, ಒತ್ತಿ ಮುಚ್ಚುವಂಥ ಸಣ್ಣ ಪ್ಲಾಸ್ಟಿಕ್ ಕವರೊಂದನ್ನು ಅವರ ಮುಂದೆ ಹಿಡಿದೆ.

"ಹಾಕ್ರಿ ಅತ್ತೀ."

"ಬ್ಯಾಡ ಬಿಡವ್ವ. ಮತ್ತ ನಿನ್ನ ಹೆಸರು ಕೆಡ್ತೈತಿ."

"ನೀವು ಹಾಕಲಿಲ್ಲ ಅಂದ್ರ ನಾ ಕಳಸಂಗಿಲ್ಲ."

ಅವರು ಎದ್ದು ಒಳಗೆ ಹೋದರು. ಬರುವಾಗ ಅಂಗೈಯಲ್ಲಿ ಐದು ಕಾಳು ಬಿಳಿ ಅಕ್ಕಿ, ಒಂದು ಒಣ ಅರಿಶಿಣದ ಕೊಂಬು. "ಪುಡಿ ಬ್ಯಾಡ," ಅಂದರು. "ಕೊಂಬಾದ್ರ ಚೆಲ್ಲಂಗಿಲ್ಲ. ಆಕಿಗೆ ಬರಿ ಮತ್ತ, ಇದಕ್ಕ ಸೋಪು ಹಚ್ಚಬ್ಯಾಡ ಅಂತ."

ಬರೆದೆ. ಬ್ಯಾಗು ತಲುಪಿದ ಮೇಲೆ ಆಕೆ ನನಗೆ ಐದಕ್ಕೆ ಐದು ನಕ್ಷತ್ರ ಕೊಟ್ಟು, ಕೊಂಬನ್ನು ಜೇಬಿನಲ್ಲೇ ಬಿಟ್ಟಿದ್ದೇನೆ ಎಂದಷ್ಟೇ ತಿಳಿಸಿದಳು. ದೂರು ತೀರ್ಪಿನವರೆಗೆ ಹೋಗಲೇ ಇಲ್ಲ, ಹಸಿರು ಗುರುತು ಇದ್ದಲ್ಲೇ ಇದೆ.

ಮುಂದಿನ ತಿಂಗಳು ಒಂದು ಭಾನುವಾರ ಗೇಟಿನ ಮುಂದೆ ಹಾರ್ನ್ ಕೇಳಿಸಿತು. ನೀಲಿ ಸ್ಕೂಟಿ, ಮಡಗಾರ್ಡಿನ ಮೇಲೆ ಹಿಂದಿನವರ ಗೀರು. ಕುರುಗೋಡಿನಿಂದ ನಾದಿನಿಯೇ ಓಡಿಸಿಕೊಂಡು ಬಂದಿದ್ದಳು. ಹಿಂದಿನ ಸೀಟಿನಲ್ಲಿ, ಎರಡು ಕೈಯಲ್ಲೂ ಸೀಟಿನ ಹಿಡಿಕೆ ಬಿಗಿಹಿಡಿದು, ಭತ್ತದ ವ್ಯಾಪಾರಿ.

"ಏನ್ರಿ, ವಿಮಾನ ಬಂತೇನು?" ಅಂದೆ.

"ಇದ ವಿಮಾನ ಆಗೇತ್ರಿ ಅಕ್ಕಾರ," ಅಂದ, ಮೆಲ್ಲಗೆ ಕಾಲು ನೆಲಕ್ಕಿಟ್ಟು. "ಹಳ್ಳ ದಿಣ್ಣಿ ಒಂದೂ ನೋಡಂಗಿಲ್ಲ ಈಕಿ."

ಉಂಡು ಅವರು ಹೊರಡುವಾಗ ಅತ್ತೆ ಮಗಳ ಕೈಯಿಂದ ಬೀಗದ ಕೈ ಇಸಿದುಕೊಂಡು ಸೀಟನ್ನು ಎತ್ತಿಸಿದರು. ಒಳಗಿನ ಡಿಕ್ಕಿ ಬರಿದಾಗಿತ್ತು. ಸೆರಗಿನ ಗಂಟು ಬಿಚ್ಚಿ ಒಂದು ಕೊಂಬು, ಐದು ಕಾಳು ಅಕ್ಕಿ ಅದರಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಒಮ್ಮೆ ನೋಡಿಬಿಡವ್ವ," ಅಂದರು. ನಾನು ಬಾಗಿ, ಮೂಲೆಯಿಂದ ಮೂಲೆಗೆ ನೋಡಿ, ಸರಿ ಇದೆ ಅಂದ ಮೇಲೆಯೇ ಸೀಟು ಮುಚ್ಚಿದರು.