ಮೇಲಾ, ಕೆಳಗಾ

ಒಂಬತ್ತು ತಿಂಗಳ ಮೇಷ್ಟ್ರು ಎಂದು ಅವನಿಗೆ ಹೆಸರಿಟ್ಟವರು ಅವನ ಭಾವ. ವಿಶ್ವವಿದ್ಯಾಲಯದವರು ಅವನನ್ನು ಒಂಬತ್ತು ತಿಂಗಳಿಗೆಂದು ಕೆಲಸಕ್ಕೆ ತೆಗೆದುಕೊಳ್ಳುವರು, ರಜೆ ಬಂದ ಕೂಡಲೇ ಕೈಬಿಡುವರು, ಮತ್ತೆ ತರಗತಿ ಶುರುವಾದಾಗ ಕರೆಯುವರು. "ಹೆರೋರಿಗಾದ್ರೂ ಒಂಬತ್ತು ತಿಂಗಳಿಗೆ ಕೈಗೊಂದು ಮಗು ಬರುತ್ತೆ ಕಣಯ್ಯ, ನಿನ್ನ ಕೈಗೇನು ಬಂತು?" ಎಂದು ಭಾವ ತಟ್ಟೆಯ ಮುಂದೆ ಕೂತಾಗಲೆಲ್ಲ ಕೇಳುವರು. "ಊಟದ ಹೊತ್ತಲ್ಲಿ ಬಿಡಿ ಅವನನ್ನ" ಅನ್ನುವಳು ಅಕ್ಕ. ಅಂದರೆ ಕೈತೊಳೆದ ಮೇಲೆ ಮುಂದುವರಿಸಿ ಎಂದರ್ಥ. ಅವನೂ ನಗುತ್ತಿದ್ದ. ಮನೆ ಭಾವನದು, ನಗದೆ ಎಲ್ಲಿಗೆ ಹೋದಾನು?

ಈ ವರ್ಷ ಮಾತ್ರ ಖಾಯಂ ಆಗುವ ಮಾತು ಎದ್ದಿತ್ತು. ಪ್ರೊಫೆಸರು ಕೋಣೆಗೆ ಕರೆಸಿ ತಲೆಯೆತ್ತದೆಯೇ ಹೇಳಿದ್ದರು: "ಒಂದು ಜಾಗ ಖಾಲಿ ಇದೆ. ಪರೀಕ್ಷೆ ದಿನ ಲ್ಯಾಬು ಸರಿಯಾಗಿ ನಡೆಸಿ ತೋರಿಸು. ಹೊರಗಿನ ಪರೀಕ್ಷಕರು ಬರ್ತಾರೆ, ನನ್ನ ಮರ್ಯಾದೆ ತೆಗೀಬೇಡ."

ಅವನು ನೋಡಿಕೊಳ್ಳುತ್ತಿದ್ದುದು ಮೇಲ್ಮಟ್ಟದ ಸಾವಯವ ರಸಾಯನಶಾಸ್ತ್ರದ ಲ್ಯಾಬು. ಬಿಎಸ್ಸಿ ಕೊನೆಯ ವರ್ಷದವರನ್ನೂ ಎಂಎಸ್ಸಿಯವರನ್ನೂ ಒಂದೇ ಕೋಣೆಗೆ ತುಂಬಿದ ಕೋರ್ಸು. ಅದರಲ್ಲಿ ಪಾಠ ಪ್ರೊಫೆಸರದು, ಒಡೆದ ಗಾಜು ಅವನದು.

ಆ ಲ್ಯಾಬಿನ ಜೀವವೆಲ್ಲ ಇದ್ದದ್ದು ಒಂದು ಗಾಜಿನ ಪಾತ್ರೆಯಲ್ಲಿ. ಮೇಲೆ ದಪ್ಪ ಹೊಟ್ಟೆ, ಕೆಳಗೆ ಸಣ್ಣ ನಲ್ಲಿ. ಹುಡುಗರು ವಾರಗಟ್ಟಲೆ ಕುದಿಸಿ, ತಣಿಸಿ ತಯಾರಿಸಿದ ಪದಾರ್ಥವನ್ನು ಅದರೊಳಗೆ ನೀರು ಮತ್ತು ಈಥರ್ ಸೇರಿಸಿ ಕುಲುಕಿ ನಿಲ್ಲಿಸಿದರೆ, ದ್ರವ ಎರಡು ಪದರವಾಗಿ ಒಡೆಯುತ್ತದೆ. ಈಥರ್ ನೀರಿಗಿಂತ ಹಗುರ. ಮಾಲನ್ನು ಹೊತ್ತುಕೊಂಡು ಮೇಲೆ ತೇಲುತ್ತದೆ. ಕೆಳಗಿನ ನೀರನ್ನು ನಲ್ಲಿ ತಿರುಗಿಸಿ ಕೊಳೆಯ ಕ್ಯಾನಿಗೆ ಬಿಟ್ಟರಾಯಿತು. "ಮೇಲಿನದು ಮಾಲು, ಕೆಳಗಿನದು ಕ್ಯಾನು" ಎಂದು ಅವನೊಂದು ಮಂತ್ರ ಕಟ್ಟಿದ್ದ. ಇಷ್ಟು ವರ್ಷದ ವಿಜ್ಞಾನದಲ್ಲಿ ಅವನ ಸ್ವಂತ ಕೊಡುಗೆ ಎಂದರೆ ಅದೊಂದೇ. ಸ್ನಾನ ಮಾಡುವಾಗಲೂ ಅದನ್ನು ಗುನುಗುವನು ಎಂದು ಅಕ್ಕ ದೂರುತ್ತಿದ್ದಳು.

ಪರೀಕ್ಷೆಯ ವಾರ, ಈಥರ್ ಬೇಗ ಹೊತ್ತಿಕೊಳ್ಳುತ್ತದೆ, ಬಳಸಕೂಡದು ಎಂದು ಮೇಲಿನಿಂದ ಆಜ್ಞೆ ಬಂತು. ಬದಲಿಗೆ ಡೈಕ್ಲೋರೋಮೀಥೇನ್. ಆ ಹೆಸರನ್ನು ಬೋರ್ಡಿನ ಮೇಲೆ ದುಂಡಗೆ ಬರೆದವನು ಅವನೇ. ಬರೆದ ಕೈ ಬಾಯಿಗೆ ಸುದ್ದಿ ಮುಟ್ಟಿಸಲಿಲ್ಲ ಅಷ್ಟೆ. ಪರೀಕ್ಷೆಯ ಬೆಳಿಗ್ಗೆ ಚಪ್ಪಾಳೆ ತಟ್ಟಿ ಹೇಳಿದ: "ನೆನಪಿದೆಯಲ್ಲ? ಮೇಲಿನದು ಮಾಲು, ಕೆಳಗಿನದು ಕ್ಯಾನು!"

ಹಿಂದಿನ ಬೆಂಚಿನಿಂದ ಬಿಎಸ್ಸಿಯ ಹುಡುಗಿಯೊಬ್ಬಳು ಕೈಯೆತ್ತಿದಳು. ಅಣ್ಣನ ಹಳೇ ಏಪ್ರನ್ ತೊಟ್ಟು ಬರುತ್ತಿದ್ದವಳು. ತೋಳು ಎಷ್ಟು ಮಡಚಿದರೂ ಬೆರಳು ಮುಚ್ಚುತ್ತಿತ್ತು. ಈ ಪರೀಕ್ಷೆಯಲ್ಲಿ ಮೊದಲು ಬಂದ ಬಿಎಸ್ಸಿಯವರನ್ನು ಪ್ರೊಫೆಸರು ಖರ್ಚಿಲ್ಲದೆ ಮುಂದಕ್ಕೆ ಓದಿಸುವ ರೂಢಿಯಿತ್ತು. ಅವಳು ಕಣ್ಣಿಟ್ಟಿದ್ದುದು ಅದರ ಮೇಲೆ.

"ಸರ್, ಇದು ನೀರಿಗಿಂತ ಭಾರ ಅಲ್ವಾ? ಮಾಲು ಕೆಳಗೆ ತಾನೇ ಇರೋದು?"

ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಪ್ರೊಫೆಸರು ಪರೀಕ್ಷಕರಿಗೆ ಕಾಫಿ ಕುಡಿಸುತ್ತಿದ್ದರು. ಅವನು ಆ ಬಾಗಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಏನಮ್ಮಾ, ಅಣ್ಣನ ಏಪ್ರನ್ ಹಾಕ್ಕೊಂಡ ತಕ್ಷಣ ಮೇಷ್ಟ್ರಾಗಿಬಿಟ್ಟೆಯಾ? ಮೊದಲು ಅದರೊಳಗೆ ಎಲ್ಲಿದ್ದೀಯ ಅಂತ ಹುಡುಕ್ಕೋ, ಆಮೇಲೆ ಮಾಲು ಹುಡುಕುವೆಯಂತೆ" ಎಂದ.

ಲ್ಯಾಬಿಗೆ ಲ್ಯಾಬೇ ನಕ್ಕಿತು. ಅವಳು ತಲೆ ತಗ್ಗಿಸಿದಳು. ಆದರೆ ನಲ್ಲಿ ತಿರುಗಿಸಿದಾಗ ಕೆಳಗಿನ ಪದರವನ್ನು ಕ್ಯಾನಿಗೆ ಬಿಡಲಿಲ್ಲ, ಒಂದು ಫ್ಲಾಸ್ಕಿಗೆ ಹಿಡಿದಿಟ್ಟಳು. ಉಳಿದವರೆಲ್ಲ ಮಂತ್ರ ಪಾಲಿಸಿದರು.

ಮಾಲಿರುವ ದ್ರಾವಣವನ್ನು ಬಿಸಿನೀರಿನ ಮೇಲಿಟ್ಟರೆ ದ್ರಾವಕ ಹಾರಿಹೋಗಿ ಹರಳು ಉಳಿಯಬೇಕು. ಅವಳ ಫ್ಲಾಸ್ಕಿನಲ್ಲಿ ಬಿಳೀ ಹರಳು ನಿಂತವು. ಮಿಕ್ಕವರ ಫ್ಲಾಸ್ಕುಗಳು ಇಟ್ಟ ಹಾಗೇ ಇದ್ದವು. ಒಂದು ಹನಿಯೂ ಹಾರಲಿಲ್ಲ. ಹಾರುವುದೆಲ್ಲಿಂದ, ಅದು ಬರೀ ನೀರು. ಅವನು ಒಂದಕ್ಕೆ ಬೆರಳದ್ದಿ ಮೂಗಿಗೆ ಹಿಡಿದ. ಆಮೇಲೆ ಬೋರ್ಡು ಓದಿದ. ತನ್ನದೇ ಅಕ್ಷರ ಮೊದಲ ಸಲ ಅರ್ಥವಾಯಿತು.

ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸರ್, ಏನೂ ಆಗಿಲ್ಲ. ಎಲ್ಲರ ಮಾಲೂ ಕ್ಯಾನಲ್ಲೇ ಇದೆ, ಬೆಳಿಗ್ಗೆಯಷ್ಟೇ ಇಟ್ಟ ಹೊಸಾ ಕ್ಯಾನು. ದ್ರಾವಕ ಹಾರಿಸೋ ದೊಡ್ಡ ಯಂತ್ರಕ್ಕೆ ಹಾಕಿದ್ರೆ ವಾಪಸ್ ಸಿಗುತ್ತೆ."

ಸಿಗುತ್ತಿತ್ತು. ಆದರೆ ದೊಡ್ಡ ಯಂತ್ರ ಇದ್ದುದು ಪ್ರೊಫೆಸರ ಕೋಣೆಯಲ್ಲಿ. ಕ್ಯಾನು ಹೊತ್ತು ಆ ಕಾಫಿ ಲೋಟಗಳ ಮುಂದೆ ನಿಂತು, ಯಾಕೆ ಅಂತ ಹೇಳಬೇಕು. ಅವನ ಕಣ್ಣಮುಂದೆ ಭಾವ ತಟ್ಟೆ ಎಳೆದುಕೊಂಡು ಕೂತರು.

"ಅದನ್ನ ನಾನು ನೋಡ್ಕೋತೀನಿ. ನಿನ್ನದು ಕೊಡು ಇಲ್ಲಿ, ತೂಕ ಮಾಡಿ ಕೊಡ್ತೀನಿ" ಎಂದ. ಅವಳು ನಂಬಿ ಕೊಟ್ಟಳು.

ತಕ್ಕಡಿ ಇದ್ದುದು ಬೀರುವಿನ ಹಿಂದೆ. ಅಲ್ಲಿ ಅವನು ಅವಳ ಹರಳನ್ನು ಚಿಟಿಕೆ ಚಿಟಿಕೆಯಾಗಿ ಎಲ್ಲರ ಸೀಸೆಗೂ ಹಂಚಿದ. ಬೆಳಿಗ್ಗೆ ನಕ್ಕವರೆಲ್ಲ ಸದ್ದಿಲ್ಲದೆ ಸಾಲಾಗಿ ಬಂದು ಸೀಸೆ ಒಡ್ಡಿದರು. ಕೊನೆಗೆ ಅವಳ ಪಾಲಿಗೆ ಫ್ಲಾಸ್ಕಿನ ಗೋಡೆಗೆ ಅಂಟಿದ್ದು ಉಳಿಯಿತು.

ಪರೀಕ್ಷಕರು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಬಂದರು. "ಎಲ್ಲರದೂ ಸ್ವಲ್ಪ ಕಡಿಮೆಯೇ. ಈ ಹುಡುಗಿಯದಂತೂ ಇರುವೆಗೂ ಸಾಲದು. ಏನಾಯ್ತು?"

ಅವಳು ಅವನ ಮುಖ ನೋಡಿದಳು. ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಅವನು ಬಾಯಿಬಿಟ್ಟ: "ಹೇಳಿದ ಮಾತು ಕೇಳೋದಿಲ್ಲ ಸರ್. ಯಾವ ಪದರ ಚೆಲ್ಲಬೇಕು ಅನ್ನೋದೇ ಗೊತ್ತಾಗಿಲ್ಲ ಅವಳಿಗೆ."

ಅವಳು ಗೆಳತಿಯರ ಕಡೆ ತಿರುಗಿದಳು. ಗೆಳತಿಯರು ತಂತಮ್ಮ ಸೀಸೆಯ ಚೀಟಿ ಓದುತ್ತಿದ್ದರು.

ಅವನಿಗೆ ಕೆಲಸ ಖಾಯಂ ಆಯಿತು. ಅಕ್ಕ ಸಿಹಿ ಮಾಡಿದಳು. "ಅಂತೂ ಹೆರಿಗೆ ಆಯ್ತಪ್ಪ!" ಎಂದು ಭಾವ ಬೀದಿಗೆಲ್ಲ ಹಂಚಿದರು. ಹುಡುಗಿಯ ಮನೆಯಲ್ಲಿ ಮುಂದೆ ಓದಿಸುವ ಮಾತು ಅಲ್ಲಿಗೇ ನಿಂತಿತು. ಅವಳು ಅದೇ ವಿಭಾಗದ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದಳು, ರಾಸಾಯನಿಕಗಳ ಬಾಟಲಿ ಕೊಡುವ ಕಿಟಕಿಯ ಹಿಂದೆ. ಅಲ್ಲಿ ಕೊಟ್ಟ ಏಪ್ರನ್ ಅವಳಿಗೆ ಅಳತೆ ತೆಗೆದು ಹೊಲಿದಂತಿತ್ತು.

ಮೊದಲ ದಿನ ಅವನು ಹುಡುಗರ ಸಾಲಿನ ಮುಂದೆ ನಿಂತು ಡೈಕ್ಲೋರೋಮೀಥೇನ್ ಕೇಳಿದ. ಅವಳು ಬಾಟಲಿ ತಂದಳು, ಆದರೆ ಕೈಯಿಂದ ಬಿಡಲಿಲ್ಲ.

"ಸರ್, ಇದರಲ್ಲಿ ಮಾಲು ಮೇಲಾ, ಕೆಳಗಾ?"

ಹಿಂದೆ ಹೊಸ ಹುಡುಗರು ಕಿವಿಗೊಟ್ಟು ನಿಂತಿದ್ದರು. "ಕೆಳಗೆ" ಎಂದ. ಬಾಟಲಿ ಸಿಕ್ಕಿತು. ಮರುದಿನವೂ ಅದೇ ಪ್ರಶ್ನೆ, ಅಷ್ಟೇ ವಿನಯ. ವಾರ ಕಳೆಯುವುದರೊಳಗೆ ಹುಡುಗರು ಅವನ ಬೆನ್ನ ಹಿಂದೆ "ಮೇಲಾಕೆಳಗಾ ಬಂದ ಕಣೋ" ಅನ್ನತೊಡಗಿದರು.

ಅವನು ಪ್ರೊಫೆಸರಿಗೆ ದೂರು ಕೊಟ್ಟ. ಅವರು ಈ ಸಲ ತಲೆಯೆತ್ತಿದರು.

"ಅವತ್ತು ಎಲ್ಲರ ಸೀಸೆಯಲ್ಲೂ ಒಂದೇ ಕೈಯ ಹರಳಿತ್ತು ಅನ್ನೋದು ನನಗೆ ತಿಳೀಲಿಲ್ಲ ಅಂದ್ಕೊಂಡ್ಯಾ? ಬುದ್ಧಿ ಇರೋರು ನನ್ನ ಹತ್ರ ಬೇಕಾದಷ್ಟಿದ್ದಾರೆ. ಹೆದರೋನೊಬ್ಬ ಬೇಕಿತ್ತು, ಸಿಕ್ಕಿದ. ಹೋಗು, ಕೇಳಿದ್ದಕ್ಕೆ ಉತ್ತರ ಹೇಳು."

ಅವನು ಕಿಟಕಿಗೆ ವಾಪಸಾದ. ಸ್ಟೋರಿನ ಕೆಲಸವೂ ಖಾಯಮ್ಮೇ. ಅವಳು ಬಾಟಲಿ ಹಿಡಿದು ಕಾಯುತ್ತಿದ್ದಳು.